ಹಳೆಯ ಪಿಕಪ್ ವಾಹನದ ಕ್ಯಾಬಿನ್ ಆಧಾರಗಳು: ತುಕ್ಕಿನ ಪತ್ತೆ ಮತ್ತು ದುರಸ್ತಿ

ನಮ್ಮ ದೇಶದ ನಗರಗಳಲ್ಲಿ ತರಕಾರಿ, ಹಾಲು, ಮೀನು, ಕಟ್ಟಡ ಸಾಮಗ್ರಿ ಮುಂತಾದ ದಿನನಿತ್ಯದ ಸರಕುಗಳನ್ನು ಮಾರುಕಟ್ಟೆಯಿಂದ ಬೀದಿಯ ಅಂಗಡಿಯವರೆಗೆ ಮುಟ್ಟಿಸುವ ಕಾರ್ಯವನ್ನು ಬಹುಮಟ್ಟಿಗೆ ಪಿಕಪ್ ವಾಹನಗಳೇ ನಿರ್ವಹಿಸುತ್ತಿವೆ. ಇವುಗಳಲ್ಲಿ ಅನೇಕವು ಒಬ್ಬನೇ ಮಾಲೀಕನ ಒಂದೇ ವಾಹನಗಳು. ಮಾಲೀಕನೇ ಚಾಲಕ, ವಾಹನದ ದುಡಿಮೆಯೇ ಕುಟುಂಬದ ಜೀವನಾಧಾರ. ಇಂತಹ ವಾಹನವು ಹತ್ತು ಹನ್ನೆರಡು ವರ್ಷ ದುಡಿದ ಮೇಲೆ ಎಂಜಿನ್ ಇನ್ನೂ ಸುಸ್ಥಿತಿಯಲ್ಲಿದ್ದರೂ ಕ್ಯಾಬಿನ್ನಿನ ಕೆಳಭಾಗದಲ್ಲಿ ತುಕ್ಕು ತನ್ನ ಕೆಲಸವನ್ನು ಸದ್ದಿಲ್ಲದೆ ನಡೆಸಿರುತ್ತದೆ. ಚಾಲಕನು ಕುಳಿತುಕೊಳ್ಳುವ ಭಾಗವನ್ನು ಹೊತ್ತು ನಿಂತಿರುವ ಆಧಾರಗಳೇ ಸವೆದು ಹೋಗಿದ್ದರೆ ಅದು ಬರೀ ಅಂದಚಂದದ ಪ್ರಶ್ನೆಯಲ್ಲ, ಪ್ರಾಣರಕ್ಷಣೆಯ ಪ್ರಶ್ನೆ. ಈ ಆಧಾರಗಳು ಯಾವುವು, ಅವು ಏಕೆ ಕೆಡುತ್ತವೆ, ಅವುಗಳ ದುರಸ್ತಿಯನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕ್ಯಾಬಿನ್ ಆಧಾರ ಎಂದರೇನು?

ಸಾಮಾನ್ಯ ಕಾರುಗಳಲ್ಲಿ ಮೈಕಟ್ಟು ಮತ್ತು ಅಡಿಚೌಕಟ್ಟು ಒಂದೇ ಆಗಿ ಬೆಸೆದುಕೊಂಡಿರುತ್ತವೆ. ಪಿಕಪ್ ವಾಹನಗಳ ರಚನೆ ಬಹುತೇಕ ಬೇರೆ. 1988ರಲ್ಲಿ ಪುಣೆಯ ಕಾರ್ಖಾನೆಯಿಂದ ಹೊರಬಂದ ಟಾಟಾ ಮೊಬೈಲ್ ಮೊದಲುಗೊಂಡು ನಮ್ಮಲ್ಲಿ ಓಡಾಡಿದ ಅನೇಕ ಪಿಕಪ್‌ಗಳಲ್ಲಿ ಏಣಿಯ ಆಕಾರದ ಉಕ್ಕಿನ ಚಾಸಿಯೊಂದು ಕೆಳಗಿರುತ್ತದೆ. ಎಂಜಿನ್, ಚಕ್ರ, ಸ್ಪ್ರಿಂಗ್‌ಗಳೆಲ್ಲ ಈ ಚಾಸಿಗೇ ಸೇರಿರುತ್ತವೆ. ಕ್ಯಾಬಿನ್ನನ್ನು ಪ್ರತ್ಯೇಕವಾಗಿ ನಿರ್ಮಿಸಿ ಚಾಸಿಯ ಮೇಲೆ ಕೂರಿಸಲಾಗುತ್ತದೆ.

ಹೀಗೆ ಕೂರಿಸುವ ಸ್ಥಳಗಳೇ ಕ್ಯಾಬಿನ್ ಆಧಾರಗಳು. ವಾಹನದ ಮಾದರಿಗೆ ಅನುಗುಣವಾಗಿ ಇವು ಸಾಮಾನ್ಯವಾಗಿ ನಾಲ್ಕು, ಆರು ಅಥವಾ ಅದಕ್ಕಿಂತ ಹೆಚ್ಚು ಇರುತ್ತವೆ. ಪ್ರತಿಯೊಂದು ಆಧಾರದಲ್ಲಿಯೂ ಮೂರು ಅಂಗಗಳನ್ನು ಗುರುತಿಸಬಹುದು. ಮೊದಲನೆಯದು, ಚಾಸಿಯ ಪಕ್ಕದಿಂದ ಹೊರಚಾಚಿಕೊಂಡಿರುವ ಉಕ್ಕಿನ ಬ್ರಾಕೆಟ್ಟು. ಎರಡನೆಯದು, ಕ್ಯಾಬಿನ್ನಿನ ನೆಲದ ಕೆಳಗೆ ಬೆಸೆದಿರುವ, ತಗಡನ್ನು ಮಡಚಿ ಪೆಟ್ಟಿಗೆಯಂತೆ ಮಾಡಿದ ಆಧಾರ ಪಟ್ಟಿ. ಮೂರನೆಯದು, ಇವೆರಡರ ನಡುವೆ ಕೂರುವ ರಬ್ಬರ್ ಬುಷ್ ಮತ್ತು ಅದರ ಮಧ್ಯದಲ್ಲಿ ಹಾದುಹೋಗುವ ಬೋಲ್ಟು. ಬುಷ್ಷಿನ ಒಳಗೆ ಉಕ್ಕಿನ ಚಿಕ್ಕ ಕೊಳವೆಯೊಂದಿರುತ್ತದೆ. ಬೋಲ್ಟನ್ನು ಎಷ್ಟು ಬಿಗಿದರೂ ರಬ್ಬರು ಅತಿಯಾಗಿ ಅಮುಕಿಹೋಗದಂತೆ ಈ ಕೊಳವೆ ತಡೆಯುತ್ತದೆ. ರಸ್ತೆಯ ಕುಲುಕಾಟವನ್ನೂ ಎಂಜಿನ್ನಿನ ಅದಿರಾಟವನ್ನೂ ಹೀರಿಕೊಳ್ಳುವುದು ರಬ್ಬರಿನ ಕೆಲಸ. ತಿರುವು, ಬ್ರೇಕು ಮತ್ತು ಡಿಕ್ಕಿಯ ಸಮಯದಲ್ಲಿ ಕ್ಯಾಬಿನ್ನನ್ನು ಚಾಸಿಯಿಂದ ಕಳಚಿಕೊಳ್ಳದಂತೆ ಹಿಡಿದಿಡುವುದು ಬೋಲ್ಟು ಮತ್ತು ಉಕ್ಕಿನ ಕೆಲಸ.

ತುಕ್ಕು ಇಲ್ಲಿಯೇ ಏಕೆ ಹಿಡಿಯುತ್ತದೆ?

ಕಬ್ಬಿಣವು ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ ಎರಡರೊಡನೆಯೂ ಸಂಪರ್ಕ ಹೊಂದಿದಾಗ ತುಕ್ಕು ಉಂಟಾಗುತ್ತದೆ. ಗಾಳಿಯಲ್ಲಿನ ಸಾಪೇಕ್ಷ ಆರ್ದ್ರತೆಯು ಶೇಕಡ 60ಕ್ಕಿಂತ ಕಡಿಮೆಯಿದ್ದು ಲೋಹದ ಮೇಲ್ಮೈ ಶುಚಿಯಾಗಿದ್ದರೆ ಈ ಕ್ರಿಯೆ ಬಹಳ ನಿಧಾನ. ಆರ್ದ್ರತೆ ಏರಿದಂತೆಲ್ಲ ಅದು ತೀವ್ರಗೊಳ್ಳುತ್ತದೆ. ನೀರಿನಲ್ಲಿ ಉಪ್ಪು ಬೆರೆತಿದ್ದರೆ ವಿದ್ಯುದ್ರಾಸಾಯನಿಕ ಕ್ರಿಯೆಗೆ ಇನ್ನಷ್ಟು ಅನುಕೂಲವಾಗುತ್ತದೆ. ಆದ್ದರಿಂದಲೇ ಮುಂಬಯಿ, ಚೆನ್ನೈ, ಮಂಗಳೂರು ಮುಂತಾದ ಕಡಲತೀರದ ಊರುಗಳ ವಾಹನಗಳು ಹೈದರಾಬಾದಿನ ಅಥವಾ ಪುಣೆಯ ವಾಹನಗಳಿಗಿಂತ ಬೇಗ ತುಕ್ಕು ಹಿಡಿಯುತ್ತವೆ. ಮೀನು ಸಾಗಿಸುವ ವಾಹನಗಳ ಸ್ಥಿತಿ ಎಲ್ಲಕ್ಕಿಂತ ಕಷ್ಟದ್ದು. ಮಂಜುಗಡ್ಡೆ ಕರಗಿ ಒಸರುವ ಉಪ್ಪು ನೀರು ದಿನವೂ ಚಾಸಿಯ ಮೇಲೆ ಹರಿಯುತ್ತಿರುತ್ತದೆ. ರಸಗೊಬ್ಬರ ಮತ್ತು ಉಪ್ಪಿನ ಮೂಟೆಗಳನ್ನು ಹೇರುವ ವಾಹನಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕ್ಯಾಬಿನ್ ಆಧಾರದ ಪೆಟ್ಟಿಗೆಯಾಕಾರದ ರಚನೆಯು ಈ ತೊಂದರೆಯನ್ನು ಹೆಚ್ಚಿಸುತ್ತದೆ. ಮುಂಚಕ್ರ ಎರಚುವ ಕೆಸರು ಅದರ ಸಂದಿಗಳಲ್ಲಿ ಸೇರಿಕೊಂಡು, ನೀರು ಹೊರಹರಿಯಲು ಬಿಟ್ಟಿರುವ ಚಿಕ್ಕ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಬೇಸಿಗೆಯಲ್ಲಿ ಹೊರಗೆಲ್ಲ ಒಣಗಿದ್ದರೂ ಒಳಗಿನ ಕೆಸರು ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಹೀಗಾಗಿ ತುಕ್ಕು ಒಳಗಿನಿಂದ ಹೊರಕ್ಕೆ ಬೆಳೆಯುತ್ತದೆ. ಹೊರಗಿನ ಬಣ್ಣದ ಮೇಲೆ ಸಣ್ಣ ಗುಳ್ಳೆಯೊಂದು ಕಾಣಿಸುವ ವೇಳೆಗೆ ಒಳಗಿನ ತಗಡು ಕಾಗದದಷ್ಟು ತೆಳುವಾಗಿರಬಹುದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚಿನ ಜಾಗವನ್ನು ಆಕ್ರಮಿಸುವುದರಿಂದ, ಒಂದರ ಮೇಲೊಂದು ಬೆಸೆದ ತಗಡುಗಳನ್ನು ಅದು ಬೆಣೆಯಂತೆ ಸೀಳುತ್ತದೆ.

ದೆಹಲಿಯ ಮೆಹರೌಲಿಯಲ್ಲಿರುವ ಕಬ್ಬಿಣದ ಸ್ತಂಭವು ಸುಮಾರು 1600 ವರ್ಷಗಳಿಂದ ಬಯಲಿನಲ್ಲಿ ನಿಂತಿದ್ದರೂ ಹೆಚ್ಚಿನ ತುಕ್ಕು ಹಿಡಿದಿಲ್ಲವಲ್ಲ ಎಂದು ಓದುಗರು ಕೇಳಬಹುದು. ಆ ಕಬ್ಬಿಣದಲ್ಲಿ ರಂಜಕದ ಅಂಶ ಅಧಿಕವಾಗಿದ್ದು, ಅದರಿಂದ ಮೇಲ್ಮೈಯಲ್ಲಿ ಗಟ್ಟಿಯಾದ ರಕ್ಷಣಾ ಪದರ ಉಂಟಾಗಿದೆ. ಇಂದಿನ ವಾಹನಗಳ ತೆಳು ತಗಡಿನ ಉಕ್ಕಿನಲ್ಲಿ ರಂಜಕವನ್ನು ಉದ್ದೇಶಪೂರ್ವಕವಾಗಿಯೇ ಕಡಿಮೆ ಮಾಡಲಾಗಿರುತ್ತದೆ; ಅದು ಹೆಚ್ಚಾದರೆ ಉಕ್ಕು ಪೆಡಸಾಗುತ್ತದೆ. ಆದ್ದರಿಂದ ಇಲ್ಲಿ ರಕ್ಷಣೆ ಒದಗಬೇಕಾದದ್ದು ಸತುವಿನ ಲೇಪ ಮತ್ತು ಬಣ್ಣದಿಂದಲೇ. ಲೋಹಕ್ಷಯದ ಅಧ್ಯಯನಕ್ಕಾಗಿ ನಮ್ಮಲ್ಲಿ ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆಯು ಹಲವು ದಶಕಗಳಿಂದ ಕಾರ್ಯ ನಿರ್ವಹಿಸುತ್ತಿದೆ.

ಕೆಟ್ಟಿರುವ ಲಕ್ಷಣಗಳು

ಕೆಳಕಂಡ ಲಕ್ಷಣಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ಆಧಾರಗಳನ್ನು ಕೂಡಲೇ ಪರೀಕ್ಷಿಸತಕ್ಕದ್ದು:

1. ಬಾಗಿಲು ಮುಚ್ಚುವಾಗ ಹಿಂದಿನ ಕಂಬಕ್ಕೆ ತಗುಲುವುದು. ಬಾಗಿಲಿನ ಸುತ್ತಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿರುವುದು.
2. ಎದುರಿನಿಂದ ನೋಡಿದಾಗ ಕ್ಯಾಬಿನ್ ಒಂದು ಪಕ್ಕಕ್ಕೆ ವಾಲಿರುವುದು. ಕ್ಯಾಬಿನ್ನಿಗೂ ಹಿಂದಿನ ಸರಕಿನ ತೊಟ್ಟಿಗೂ ನಡುವಿನ ಅಂತರ ಎರಡು ಕಡೆ ಒಂದೇ ಸಮನಾಗಿಲ್ಲದಿರುವುದು.
3. ಹಳ್ಳದಲ್ಲಿ ಇಳಿದಾಗ ಅಥವಾ ಬ್ರೇಕು ಹಾಕಿದಾಗ ಕೆಳಗಿನಿಂದ ಲೋಹ ಬಡಿದ ಸದ್ದು ಕೇಳುವುದು.
4. ರಸ್ತೆಯ ಅದಿರಾಟದೊಡನೆ ಸ್ಟೀರಿಂಗ್ ಚಕ್ರ ಮತ್ತು ಗೇರಿನ ಕೋಲು ಬೇರೆ ಬೇರೆಯಾಗಿ ಅಲುಗಾಡುವುದು.
5. ಕಾಲಿನ ಕೆಳಗಿನ ಚಾಪೆ ಸದಾ ಒದ್ದೆಯಾಗಿರುವುದು.

ಪರೀಕ್ಷಿಸುವ ಕ್ರಮ ಸರಳ. ಮೊದಲು ಕೆಸರನ್ನು ತೊಳೆದು ಒಣಗಿಸಬೇಕು. ಆನಂತರ ಚಿಕ್ಕ ಸುತ್ತಿಗೆಯಿಂದ ಆಧಾರದ ಸುತ್ತಲೂ ಮೆಲ್ಲಗೆ ತಟ್ಟಬೇಕು. ಗಟ್ಟಿಯಾದ ಉಕ್ಕು ಗಂಟೆಯಂತೆ ನಾದ ಕೊಡುತ್ತದೆ. ತುಕ್ಕು ತಿಂದ ಉಕ್ಕು ಮಡಕೆಯ ಚೂರಿನಂತೆ ಬೋಳು ಸದ್ದು ಮಾಡುತ್ತದೆ. ಸಂಶಯವಿರುವ ಕಡೆ ಸ್ಕ್ರೂಡ್ರೈವರಿನ ಮೊನೆಯಿಂದ ಬಲವಾಗಿ ಒತ್ತಿ ನೋಡಬೇಕು. ಮೊನೆ ಒಳನುಗ್ಗಿದರೆ ಅಲ್ಲಿ ಲೋಹ ಉಳಿದಿಲ್ಲವೆಂದೇ ಅರ್ಥ. ಕಾಲಡಿಯ ಚಾಪೆಯನ್ನು ತೆಗೆದು ಒಳಗಿನಿಂದಲೂ ಇದೇ ಪರೀಕ್ಷೆಯನ್ನು ಮಾಡತಕ್ಕದ್ದು. ಈ ಪರೀಕ್ಷೆಯನ್ನು ಎಲ್ಲ ಆಧಾರಗಳಿಗೂ ಮತ್ತು ಚಾಸಿಯ ಉದ್ದಕ್ಕೂ ಅನ್ವಯಿಸಬೇಕು. ಒಂದು ಆಧಾರ ಕುಸಿದಾಗ ಅದರ ಭಾರವನ್ನು ಉಳಿದವು ಹೊರುವುದರಿಂದ ಅವುಗಳಲ್ಲಿಯೂ ಬಿರುಕು ಕಾಣಿಸಿಕೊಂಡಿರಬಹುದು.

ದುರಸ್ತಿಯೇ, ವಿಲೇವಾರಿಯೇ?

ತುಕ್ಕು ಕ್ಯಾಬಿನ್ನಿನ ಆಧಾರ ಪಟ್ಟಿಗೆ ಮತ್ತು ಅದರ ಸುತ್ತಲಿನ ನೆಲದ ತಗಡಿಗೆ ಸೀಮಿತವಾಗಿದ್ದು ಚಾಸಿ ಗಟ್ಟಿಯಾಗಿದ್ದರೆ ದುರಸ್ತಿ ಲಾಭದಾಯಕ. ಬ್ರಾಕೆಟ್ಟು ಮಾತ್ರ ಕೆಟ್ಟಿದ್ದರೆ ಅದನ್ನು ಬದಲಾಯಿಸಬಹುದು. ಆದರೆ ಚಾಸಿಯ ಉದ್ದನೆಯ ತೊಲೆಯಲ್ಲಿಯೇ ರಂಧ್ರ ಅಥವಾ ಬಿರುಕು ಕಂಡುಬಂದಲ್ಲಿ ಅದನ್ನು ರಸ್ತೆ ಬದಿಯ ಗ್ಯಾರೇಜಿನಲ್ಲಿ ಬೆಸೆಯಿಸುವುದು ಸರಿಯಲ್ಲ. ಕೆಲವು ಚಾಸಿಗಳ ಉಕ್ಕು ಅಧಿಕ ಬಲವುಳ್ಳದ್ದಾಗಿದ್ದು, ವೆಲ್ಡಿಂಗಿನ ಶಾಖದಿಂದ ಆ ಬಲ ಕುಗ್ಗುತ್ತದೆ. ಅಂತಹ ಸಂದರ್ಭದಲ್ಲಿ ತಯಾರಕರ ಅಧಿಕೃತ ಕಾರ್ಯಾಗಾರದ ಅಭಿಪ್ರಾಯ ಪಡೆಯುವುದು ಅವಶ್ಯಕ. ಚಾಸಿಯನ್ನೇ ಬದಲಾಯಿಸುವ ಉದ್ದೇಶವಿದ್ದಲ್ಲಿ ಕೆಲಸ ಆರಂಭಿಸುವುದಕ್ಕೆ ಮುಂಚಿತವಾಗಿ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು.

ದುರಸ್ತಿಯ ವೆಚ್ಚದ ಜೊತೆಗೆ ವಾಹನದ ವಯಸ್ಸನ್ನೂ ಪರಿಗಣಿಸಬೇಕು. ದೆಹಲಿ ಮತ್ತು ಅದರ ಸುತ್ತಲಿನ ರಾಷ್ಟ್ರ ರಾಜಧಾನಿ ವಲಯದಲ್ಲಿ ಹಳೆಯ ವಾಹನಗಳಿಗೆ ಸಂಬಂಧಿಸಿದಂತೆ ನ್ಯಾಯಾಲಯದ ಆದೇಶಗಳು ಪ್ರತ್ಯೇಕವಾಗಿರುವುದರಿಂದ, ಅಲ್ಲಿನ ಮಾಲೀಕರು ಹಣ ತೊಡಗಿಸುವ ಮೊದಲು ತಮ್ಮ ವಾಹನಕ್ಕೆ ಅನ್ವಯವಾಗುವ ನಿಯಮವನ್ನು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ಕೆಲಸಕ್ಕೆ ಮುನ್ನ ಸುರಕ್ಷತೆ

ಈ ದುರಸ್ತಿಯಲ್ಲಿ ಎರಡು ಅಪಾಯಗಳಿವೆ: ಮೇಲಿನ ಭಾರ ಮತ್ತು ಬೆಂಕಿ. ವಾಹನವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ ಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ಜಾಕಿಯು ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಉಕ್ಕಿನ ಸ್ಟ್ಯಾಂಡಿನ ಮೇಲೆ ಭಾರವನ್ನು ಇಳಿಸದೆ ಯಾರೂ ಕೆಳಗೆ ಹೋಗಕೂಡದು. ಇಟ್ಟಿಗೆ ಅಥವಾ ಟೊಳ್ಳು ಸಿಮೆಂಟ್ ಇಟ್ಟಿಗೆಗಳ ಮೇಲೆ ವಾಹನವನ್ನು ನಿಲ್ಲಿಸುವುದು ಅಪಾಯಕರ. ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ.

ಬ್ಯಾಟರಿಯ ಸಂಪರ್ಕವನ್ನು ಕಡ್ಡಾಯವಾಗಿ ಬಿಡಿಸಬೇಕು. ವೆಲ್ಡಿಂಗ್ ಮಾಡುವ ಜಾಗದ ಸಮೀಪವಿರುವ ಇಂಧನದ ಟ್ಯಾಂಕು, ಇಂಧನದ ಕೊಳವೆ, ಬ್ರೇಕಿನ ಕೊಳವೆ ಮತ್ತು ತಂತಿಗಳನ್ನು ಬಿಚ್ಚಿ ದೂರ ಸರಿಸಬೇಕು. ಸೀಟು, ಚಾಪೆ ಮತ್ತು ಸದ್ದು ತಡೆಯಲು ಅಂಟಿಸಿರುವ ಹೊದಿಕೆಗಳನ್ನು ತೆಗೆದುಹಾಕಬೇಕು. ವೆಲ್ಡಿಂಗ್ ನಡೆಯುವಾಗ ಅಗ್ನಿಶಾಮಕ ಉಪಕರಣದೊಡನೆ ಇನ್ನೊಬ್ಬರು ಕಾವಲಿರಬೇಕು. ಕೆಲಸ ಮುಗಿದ ಮೇಲೂ ಒಂದು ಗಂಟೆಯ ಕಾಲ ವಾಹನವನ್ನು ಬಿಟ್ಟು ಹೋಗಬಾರದು. ಸತು ಲೇಪಿತ ತಗಡನ್ನು ಬೆಸೆಯುವಾಗ ಏಳುವ ಬಿಳಿಯ ಹೊಗೆಯನ್ನು ಉಸಿರಾಡಿದರೆ ಚಳಿಜ್ವರದಂತಹ ತೊಂದರೆ ಉಂಟಾಗುತ್ತದೆ. ಆದ್ದರಿಂದ ಬೆಸೆಯುವ ಅಂಚಿನ ಸತುವನ್ನು ಮೊದಲೇ ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕೆಲಸ ಮಾಡಬೇಕು.

ದುರಸ್ತಿಯ ಕ್ರಮ

ಅಳತೆ: ಏನನ್ನೂ ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿನ ಎರಡು ಕರ್ಣಗಳನ್ನು, ಕ್ಯಾಬಿನ್ ಮತ್ತು ತೊಟ್ಟಿಯ ನಡುವಿನ ಅಂತರವನ್ನು, ಗಟ್ಟಿಯಾಗಿರುವ ಪಕ್ಕದ ಆಧಾರದ ಎತ್ತರವನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಹೊಸ ಆಧಾರವು ಎಲ್ಲಿ ಕೂರಬೇಕೆಂಬುದನ್ನು ನಿರ್ಧರಿಸುವುದು ಈ ಅಳತೆಗಳೇ.

ಬೋಲ್ಟು ಬಿಚ್ಚುವುದು: ತುಕ್ಕು ಹಿಡಿದ ಬೋಲ್ಟಿಗೆ ಎರಡು ಮೂರು ದಿನ ಮೊದಲಿನಿಂದಲೇ ತುಕ್ಕು ಸಡಿಲಿಸುವ ಎಣ್ಣೆಯನ್ನು ಹಾಕುತ್ತಿರಬೇಕು. ಬಲಪ್ರಯೋಗದಿಂದ ತಿರುಗಿಸಿದರೆ ಕ್ಯಾಬಿನ್ನಿನ ಒಳಗೆ ಬೆಸೆದಿರುವ ನಟ್ಟು ಕಿತ್ತುಬಂದು ಕೆಲಸ ದುಪ್ಪಟ್ಟಾಗುತ್ತದೆ. ಬಗ್ಗದಿದ್ದಲ್ಲಿ ಬೋಲ್ಟನ್ನು ಕತ್ತರಿಸಿ ತೆಗೆಯುವುದೇ ಲೇಸು.

ಎತ್ತುವುದು: ಒಂದು ಬಾರಿಗೆ ಒಂದೇ ಆಧಾರದ ಕೆಲಸ ಕೈಗೊಳ್ಳಬೇಕು. ಉಳಿದ ಬೋಲ್ಟುಗಳನ್ನು ಸಡಿಲಿಸಬೇಕೇ ಹೊರತು ತೆಗೆಯಬಾರದು. ಜಾಕಿಯ ಮೇಲೆ ಅಗಲವಾದ ಮರದ ಹಲಗೆಯಿಟ್ಟು, ತೆಳು ನೆಲಕ್ಕಲ್ಲದೆ ಗಟ್ಟಿ ಪಟ್ಟಿಗೆ ತಾಗುವಂತೆ, ಬೇಕಾದಷ್ಟೇ ಎತ್ತಬೇಕು. ಎತ್ತುವಾಗ ಸ್ಟೀರಿಂಗ್ ದಂಡ, ಗೇರಿನ ಕೋಲು, ಕೈಬ್ರೇಕಿನ ಕೇಬಲ್ ಹಾಗೂ ರೇಡಿಯೇಟರಿನ ಕೊಳವೆಗಳು ಎಳೆತಕ್ಕೊಳಗಾಗದಂತೆ ನೋಡಿಕೊಳ್ಳತಕ್ಕದ್ದು.

ಕತ್ತರಿಸುವುದು: ತುಕ್ಕು ತಿಂದ ಭಾಗವನ್ನು ಹೊಳೆಯುವ ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ ತೆಗೆಯಬೇಕು. ಈ ಹಂತದಲ್ಲಿ ಮಾಡುವ ಜಿಪುಣತನವೇ ಮುಂದಿನ ಮಳೆಗಾಲದ ತೊಂದರೆಗೆ ಮೂಲ. ತೆಳುವಾದ ಅಂಚಿಗೆ ಹೊಸ ತಗಡನ್ನು ಬೆಸೆಯಲು ಹೋದರೆ ಅದು ಕರಗಿ ತೂತಾಗುತ್ತದೆ. ಹೇಗೋ ಬೆಸೆದರೂ ಬೆಸುಗೆಯ ಪಕ್ಕದಲ್ಲಿಯೇ ಹರಿಯುತ್ತದೆ. ಚಾಸಿ ಸಂಖ್ಯೆಯನ್ನು ಕೊರೆದಿರುವ ಜಾಗದ ಬಳಿ ಗ್ರೈಂಡರನ್ನಾಗಲಿ ವೆಲ್ಡಿಂಗನ್ನಾಗಲಿ ಬಳಸಕೂಡದು. ಆ ಸಂಖ್ಯೆ ಅಳಿಸಿದರೆ ಅಥವಾ ತಿದ್ದಿದಂತೆ ಕಂಡರೆ ಮಾಲೀಕರು ಗಂಭೀರ ಕಾನೂನು ತೊಡಕಿಗೆ ಸಿಲುಕುವ ಸಂಭವವಿದೆ.

ಹೊಸ ತಗಡು: ದಪ್ಪ ರಟ್ಟಿನಲ್ಲಿ ಮಾದರಿ ಕತ್ತರಿಸಿ, ಅದರಂತೆ ತಗಡನ್ನು ಸಿದ್ಧಪಡಿಸಬೇಕು. ನೆಲದ ತಗಡು ಸಾಮಾನ್ಯವಾಗಿ 1 ಮಿಲಿಮೀಟರಿನಷ್ಟು, ಆಧಾರ ಪಟ್ಟಿ ಅದಕ್ಕಿಂತ ದಪ್ಪ ಇರುತ್ತದೆ. ಗಟ್ಟಿಯಾಗಿರುವ ಪಕ್ಕದ ಆಧಾರವನ್ನು ಅಳೆದು ಅಷ್ಟೇ ದಪ್ಪದ ಮೆದು ಉಕ್ಕಿನ ತಗಡನ್ನು ಬಳಸುವುದು ಸೂಕ್ತ. ಹಳೆಯ ಡ್ರಮ್ಮಿನ ತಗಡು ಅಥವಾ ಛಾವಣಿಯ ತಗಡು ಈ ಕೆಲಸಕ್ಕೆ ಆಗದು. ಅತಿ ದಪ್ಪನಾದ ಉಕ್ಕೂ ಹಿತವಲ್ಲ. ಬಗ್ಗದ ದಪ್ಪ ತಗಡು ತನ್ನ ಅಂಚಿನಲ್ಲಿ ತೆಳು ನೆಲವನ್ನು ಹರಿಯುತ್ತದೆ. ತಗಡಿನ ಮೂಲೆಗಳನ್ನು ದುಂಡಾಗಿಸಬೇಕು. ಮೊದಲಿದ್ದಂತೆಯೇ ನೀರು ಹರಿಯುವ ರಂಧ್ರಗಳನ್ನು ಬಿಡಬೇಕು.

ಬೆಸೆಯುವುದು: ತೆಳು ತಗಡಿಗೆ ಕಾರ್ಯಾಗಾರಗಳಲ್ಲಿ ಸಿ.ಒ.ಟು ವೆಲ್ಡಿಂಗ್ ಎಂದು ಕರೆಯುವ ವಿಧಾನ ಉತ್ತಮ. ಗ್ಯಾಸ್ ವೆಲ್ಡಿಂಗಿನಲ್ಲಿ ಶಾಖ ದೂರದವರೆಗೆ ಹರಡಿ ತಗಡು ಸೊಟ್ಟಗಾಗುತ್ತದೆ. ಮೊದಲು ನಾಲ್ಕಾರು ಕಡೆ ಚುಕ್ಕೆಯಂತೆ ಬೆಸೆದು, ಕ್ಯಾಬಿನ್ನನ್ನು ಇಳಿಸಿ, ಬಾಗಿಲು ಸರಿಯಾಗಿ ಮುಚ್ಚುವುದೇ, ಬೋಲ್ಟಿನ ರಂಧ್ರ ಬ್ರಾಕೆಟ್ಟಿನ ರಂಧ್ರಕ್ಕೆ ಹೊಂದುವುದೇ ಎಂದು ಹಿಂದಿನ ಅಳತೆಗಳೊಡನೆ ತಾಳೆ ನೋಡಬೇಕು. ಹೊಂದಿಕೆಯಾದ ಬಳಿಕವಷ್ಟೇ ಚಿಕ್ಕ ಚಿಕ್ಕ ಉದ್ದಗಳಲ್ಲಿ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ, ನಡುವೆ ತಣಿಯಲು ಬಿಟ್ಟು, ಸುತ್ತಲೂ ಪೂರ್ಣವಾಗಿ ಬೆಸೆಯತಕ್ಕದ್ದು. ಪುಟ್ಟಿ ಮೆತ್ತಿ ಬಣ್ಣ ಬಳಿಯುವುದು ಆಧಾರದ ದುರಸ್ತಿಯಲ್ಲ. ಪುಟ್ಟಿಯು ಭಾರ ಹೊರಲಾರದು. ಅದು ದೋಷವನ್ನು ಕಣ್ಣಿಗೆ ಮರೆಮಾಡುತ್ತದೆ ಅಷ್ಟೇ.

ಬುಷ್ ಮತ್ತು ಬೋಲ್ಟು: ಗಟ್ಟಿಯಾಗಿ ಬಿರುಕು ಬಿಟ್ಟ ರಬ್ಬರನ್ನು ಮತ್ತೆ ಉಪಯೋಗಿಸಬಾರದು. ಒಂದನ್ನೇ ಬದಲಾಯಿಸಿದರೆ ಎತ್ತರದಲ್ಲಿ ವ್ಯತ್ಯಾಸ ಬರುವುದರಿಂದ ಕನಿಷ್ಠ ಎಡ ಬಲಗಳ ಜೋಡಿಯನ್ನಾದರೂ ಒಟ್ಟಿಗೆ ಬದಲಾಯಿಸಬೇಕು. ಬುಷ್ಷಿನ ಬದಲಿಗೆ ಹಳೆಯ ಟೈರಿನ ತುಂಡುಗಳನ್ನು ಇಡುವ ಪದ್ಧತಿ ಹಲವೆಡೆ ಇದೆ. ಒಳಗೊಳವೆ ಇಲ್ಲದ ಕಾರಣ ಈ ತುಂಡುಗಳು ಅಮುಕುತ್ತಾ ಹೋಗಿ ಬೋಲ್ಟು ಸಡಿಲಗೊಳ್ಳುತ್ತದೆ. ಹೊಸ ಬೋಲ್ಟು ಮೂಲ ಬೋಲ್ಟಿನ ಅಳತೆಯದೇ ಆಗಿರಬೇಕು ಮತ್ತು ಅದರ ತಲೆಯ ಮೇಲೆ ಕೊರೆದಿರುವ ದರ್ಜೆಯ ಅಂಕಿ, ಉದಾಹರಣೆಗೆ 8.8, ಹಳೆಯದಕ್ಕಿಂತ ಕಡಿಮೆಯಿರಬಾರದು. ತಯಾರಕರ ಕೈಪಿಡಿಯಲ್ಲಿ ಸೂಚಿಸಿದಷ್ಟು ಬಿಗಿಯಬೇಕು. ಒಂದು ವಾರದ ಓಡಾಟದ ಬಳಿಕ ಮತ್ತೊಮ್ಮೆ ಪರಿಶೀಲಿಸಬೇಕು.

ತುಕ್ಕು ಮರುಕಳಿಸದಂತೆ ರಕ್ಷಣೆ

ಬೆಸುಗೆಯ ಶಾಖದಿಂದ ಒಳಬದಿಯ ಬಣ್ಣ ಸುಟ್ಟು ಹೋಗಿರುತ್ತದೆ. ಹೊಸ ತುಕ್ಕು ಆರಂಭವಾಗುವುದು ಅಲ್ಲಿಂದಲೇ. ಆದ್ದರಿಂದ ಹೊರಗೆ ಮಾತ್ರ ಬಣ್ಣ ಹಚ್ಚಿದರೆ ಸಾಲದು. ಬೆಸುಗೆಯನ್ನು ತಂತಿಯ ಬ್ರಷ್ಷಿನಿಂದ ಶುಚಿಗೊಳಿಸಿ ಸತುವಿನ ಅಂಶ ಅಧಿಕವಾಗಿರುವ ಪ್ರೈಮರನ್ನು, ಅದು ದೊರೆಯದಿದ್ದಲ್ಲಿ ರೆಡ್ ಆಕ್ಸೈಡನ್ನು ಎರಡು ಬಾರಿ ಬಳಿಯಬೇಕು. ತಗಡುಗಳು ಕೂಡುವ ಸಂದಿಗೆ ಸೀಲರ್ ಹಚ್ಚಿ ಮೇಲೆ ಬಣ್ಣ ಕೊಡಬೇಕು. ಪೆಟ್ಟಿಗೆಯ ಒಳಭಾಗಕ್ಕೆ ರಂಧ್ರದ ಮೂಲಕ ತುಕ್ಕುನಿರೋಧಕ ಮೇಣವನ್ನು ಸಿಂಪಡಿಸಬೇಕು.

ಸಡಿಲ ತುಕ್ಕಿನ ಮೇಲೆಯೇ ಕಪ್ಪು ಡಾಂಬರಿನ ಲೇಪವನ್ನು ಹಚ್ಚಿಸಿದರೆ ತೇವವು ಒಳಗೇ ಬಂಧಿಯಾಗಿ ಹಾನಿ ಹೆಚ್ಚುತ್ತದೆ. ಹಳೆಯ ಎಂಜಿನ್ ಆಯಿಲನ್ನು ಕೆಳಭಾಗಕ್ಕೆ ಸಿಂಪಡಿಸುವ ರೂಢಿಯೂ ತಪ್ಪು; ಅದು ರಬ್ಬರನ್ನು ಮೆತ್ತಗಾಗಿಸುತ್ತದೆ, ಮಣ್ಣು ಮತ್ತು ನೀರನ್ನು ಮಲಿನಗೊಳಿಸುತ್ತದೆ. ಮಳೆಗಾಲ ಮುಗಿದೊಡನೆ ಒಮ್ಮೆ, ಕಡಲತೀರದಲ್ಲಿ ತಿಂಗಳಿಗೊಮ್ಮೆ, ಮೀನು ಸಾಗಿಸುವ ವಾಹನವಾದರೆ ಪ್ರತಿದಿನವೂ ಸಿಹಿನೀರಿನಿಂದ ಕೆಳಭಾಗವನ್ನು ತೊಳೆದು, ರಂಧ್ರಗಳನ್ನು ಕಡ್ಡಿಯಿಂದ ಬಿಡಿಸುವುದು ಅತ್ಯಂತ ಅಗ್ಗದ ಮತ್ತು ಅತ್ಯಂತ ಫಲಕಾರಿಯಾದ ರಕ್ಷಣೆ.

ಕಾನೂನು ಮತ್ತು ಸೌಲಭ್ಯ

1988ರ ಮೋಟಾರು ವಾಹನಗಳ ಅಧಿನಿಯಮದ 56ನೆಯ ಪ್ರಕರಣದ ಮೇರೆಗೆ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ ಕಡ್ಡಾಯ. ಇದನ್ನೇ ಜನರು ಎಫ್.ಸಿ. ಎಂದು ಕರೆಯುತ್ತಾರೆ. 2018ರ ತಿದ್ದುಪಡಿಯಂತೆ ಎಂಟು ವರ್ಷದವರೆಗಿನ ವಾಹನಗಳಿಗೆ ಎರಡು ವರ್ಷಕ್ಕೊಮ್ಮೆಯೂ ಅದಕ್ಕಿಂತ ಹಳೆಯವಕ್ಕೆ ವರ್ಷಕ್ಕೊಮ್ಮೆಯೂ ಇದನ್ನು ನವೀಕರಿಸಬೇಕು. ವಾಹನವನ್ನು ಮೂಲ ಸ್ಥಿತಿಗೆ ತರುವ ದುರಸ್ತಿಗೆ ಅಡ್ಡಿಯಿಲ್ಲ. ಆದರೆ ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ನಿರ್ದಿಷ್ಟತೆಗಿಂತ ಬೇರೆಯಾಗುವಂತಹ ಮಾರ್ಪಾಡುಗಳನ್ನು ಅಧಿನಿಯಮದ 52ನೆಯ ಪ್ರಕರಣ ನಿರ್ಬಂಧಿಸುತ್ತದೆ.

ದುರಸ್ತಿಗೆ ಮೀರಿದ ವಾಹನವನ್ನು 2021ರ ನಿಯಮಗಳ ಅನ್ವಯ ನೋಂದಾಯಿತವಾದ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆಯಬಹುದು. ಈ ಪತ್ರದ ಆಧಾರದ ಮೇಲೆ ಕೊಳ್ಳುವ ಹೊಸ ವಾಹನದ ಮೋಟಾರು ವಾಹನ ತೆರಿಗೆಯಲ್ಲಿ, ಸಾರಿಗೆ ವಾಹನಕ್ಕೆ ಶೇಕಡ 15ರವರೆಗೆ, ಸಾರಿಗೆಯೇತರ ವಾಹನಕ್ಕೆ ಶೇಕಡ 25ರವರೆಗೆ ರಿಯಾಯಿತಿ ನೀಡಲು ಕೇಂದ್ರದ ನಿಯಮಗಳು ಅವಕಾಶ ಕಲ್ಪಿಸಿವೆ. ರಿಯಾಯಿತಿಯ ನಿಖರ ಪ್ರಮಾಣವನ್ನು ಆಯಾ ರಾಜ್ಯದ ಸಾರಿಗೆ ಕಚೇರಿಯಿಂದ ತಿಳಿದುಕೊಳ್ಳಬೇಕು. ವಾಹನವನ್ನು ನೋಂದಣಿಯಿಲ್ಲದ ಗುಜರಿ ವ್ಯಾಪಾರಿಗೆ ಮಾರಿ ಸುಮ್ಮನಾದರೆ ದಾಖಲೆಯಲ್ಲಿ ಮಾಲೀಕರ ಹೆಸರೇ ಉಳಿದುಕೊಳ್ಳುತ್ತದೆ. ವಾಹನ ನಾಶವಾದಾಗ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದಾಗ 14 ದಿನಗಳೊಳಗಾಗಿ, ಅಥವಾ ಆದಷ್ಟು ಬೇಗ, ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡುವುದು ಮಾಲೀಕರ ಕರ್ತವ್ಯ.

ಅರ್ಹತಾ ಪತ್ರದ ಪರೀಕ್ಷೆ ವರ್ಷಕ್ಕೊಮ್ಮೆ ಬರುತ್ತದೆ; ತುಕ್ಕು ಮಾತ್ರ ದಿನವೂ ಬೆಳೆಯುತ್ತದೆ. ಆದಕಾರಣ ವಾಹನದ ಮಾಲೀಕರು ಪರೀಕ್ಷೆಯ ದಿನಕ್ಕಾಗಿ ಕಾಯದೆ, ವರ್ಷದಲ್ಲಿ ಎರಡು ಬಾರಿಯಾದರೂ ಸುತ್ತಿಗೆ ಮತ್ತು ಟಾರ್ಚ್ ಹಿಡಿದು ಕ್ಯಾಬಿನ್ನಿನ ಕೆಳಗೆ ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳುವುದು, ಅವರಿಗೂ ಅವರ ಪಕ್ಕದಲ್ಲಿ ಕುಳಿತು ಪ್ರಯಾಣಿಸುವವರಿಗೂ ಶ್ರೇಯಸ್ಕರ.